ಹತ್ತು ನಿಮಿಷದ ಭಾಷಣ, ನೂರು ವರ್ಷದ ಕೆಲಸ: ಗಾಳಿಯ ಗುರು ಲುಡ್ವಿಗ್ ಪ್ರಾಂಟ್ಲ್

1904ರ ಆಗಸ್ಟ್ ತಿಂಗಳು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಗಣಿತಜ್ಞರ ಮೂರನೆಯ ಅಂತರರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಹ್ಯಾನೋವರ್‌ನ ತಾಂತ್ರಿಕ ವಿದ್ಯಾಲಯದಿಂದ ಬಂದಿದ್ದ 29 ವರ್ಷದ ಪ್ರಾಧ್ಯಾಪಕರೊಬ್ಬರಿಗೆ ಮಾತಾಡಲು ಸಿಕ್ಕಿದ್ದು ಬರೀ ಹತ್ತು ನಿಮಿಷ. ಅವರು ಒಳ್ಳೆಯ ಮಾತುಗಾರರೂ ಆಗಿರಲಿಲ್ಲ. ನೀರಿನ ಹರಿವಿನ ಕೆಲವು ಫೋಟೋ ತೋರಿಸಿದರು, ಒಂದೆರಡು ಸಮೀಕರಣ ಬರೆದರು, ಹೋಗಿ ಕೂತರು. ಸಭೆಯಲ್ಲಿದ್ದ ಬಹುತೇಕ ಜನರಿಗೆ ಅದರಲ್ಲಿ ಏನಿದೆ ಎಂಬುದು ತಿಳಿಯಲೇ ಇಲ್ಲ. ಮರುವರ್ಷ ಅಚ್ಚಾದಾಗ ಆ ಪ್ರಬಂಧ ಎಂಟೇ ಪುಟವಿತ್ತು.

ಇಂದು ವಿಮಾನ, ಕಾರು, ಲಾರಿ, ಸೇತುವೆ, ಕ್ರಿಕೆಟ್ ಚೆಂಡು ಹೀಗೆ ಗಾಳಿಗೆ ಎದುರಾಗುವ ಯಾವ ವಸ್ತುವಿನ ಲೆಕ್ಕ ಹಾಕಬೇಕಾದರೂ ಆ ಎಂಟು ಪುಟಕ್ಕೆ ಹೋಗಲೇಬೇಕು. ಬರೆದವರು ಲುಡ್ವಿಗ್ ಪ್ರಾಂಟ್ಲ್. ನಮ್ಮ ಶಾಲೆಯ ಪುಸ್ತಕಗಳಲ್ಲಿ ನ್ಯೂಟನ್, ಐನ್‌ಸ್ಟೈನ್ ಹೆಸರು ಬರುತ್ತದೆ, ಇವರ ಹೆಸರು ಬರುವುದಿಲ್ಲ. ನಾನು ವಿಜ್ಞಾನ ಓದಿದವನಲ್ಲ, ಕಲಾ ವಿಭಾಗದವನು. ಆದರೂ ಈ ಮನುಷ್ಯನ ಕಥೆ ನನ್ನನ್ನು ಹಿಡಿದುಕೊಂಡಿತು. ಅದಕ್ಕೆ ಒಂದು ಕಾರಣ ನಮ್ಮ ಸೊಲ್ಲಾಪುರಕ್ಕೂ ಸಂಬಂಧಪಟ್ಟಿದೆ. ಅದನ್ನು ಮುಂದೆ ಹೇಳುತ್ತೇನೆ.

ಪ್ರಾಂಟ್ಲ್ ಹುಟ್ಟಿದ್ದು 1875ರ ಫೆಬ್ರವರಿ 4ರಂದು, ಮ್ಯೂನಿಕ್ ಹತ್ತಿರದ ಫ್ರೈಸಿಂಗ್ ಎಂಬ ಊರಿನಲ್ಲಿ. ತಂದೆ ಅಲೆಕ್ಸಾಂಡರ್ ಪ್ರಾಂಟ್ಲ್ ಪಕ್ಕದ ವೈಹೆನ್‌ಸ್ಟೆಫಾನ್‌ನ ಕೃಷಿ ಶಾಲೆಯಲ್ಲಿ ಪ್ರಾಧ್ಯಾಪಕರು. ತಾಯಿ ಬಹುಕಾಲ ಕಾಯಿಲೆಯಿಂದ ನರಳಿದವರು. ಒಡಹುಟ್ಟಿದವರು ಹಸುಗೂಸುಗಳಾಗಿದ್ದಾಗಲೇ ತೀರಿಕೊಂಡಿದ್ದರಿಂದ ಹುಡುಗ ಒಂಟಿಯಾಗಿ, ತಂದೆಯ ಬೆನ್ನು ಹಿಡಿದೇ ಬೆಳೆದ. ನಿಸರ್ಗದಲ್ಲಿ ಏನು ಕಂಡರೂ ಸುಮ್ಮನೆ ನೋಡಿ ಹೋಗಬಾರದು, ಯಾಕೆ ಹೀಗೆ ಎಂದು ಯೋಚಿಸಬೇಕು ಎಂಬ ರೂಢಿ ಹಚ್ಚಿದವರು ಆ ತಂದೆ. ಮಗನಿಗೆ 25 ತುಂಬುವಷ್ಟರಲ್ಲಿ ತಂದೆ ತಾಯಿ ಇಬ್ಬರೂ ಇರಲಿಲ್ಲ.

ಮ್ಯೂನಿಕ್‌ನಲ್ಲಿ ಎಂಜಿನಿಯರಿಂಗ್ ಓದು, ಔಗುಸ್ಟ್ ಫೊಪ್ಲ್ ಎಂಬ ದೊಡ್ಡ ಪ್ರಾಧ್ಯಾಪಕರ ಕೈಕೆಳಗೆ ಸಂಶೋಧನೆ. ವಿಷಯ ಗಾಳಿಯೂ ಅಲ್ಲ, ನೀರೂ ಅಲ್ಲ. ಉದ್ದನೆಯ ತೆಳು ತೊಲೆಯ ಮೇಲೆ ಭಾರ ಬಿದ್ದಾಗ ಅದು ಪಕ್ಕಕ್ಕೆ ಹೊರಳುವುದು ಹೇಗೆ ಎಂಬುದು. 1900ರಲ್ಲಿ ಡಾಕ್ಟರೇಟ್ ಬಂತು. ಆಮೇಲೆ ನ್ಯೂರೆಂಬರ್ಗ್‌ನ ದೊಡ್ಡ ಯಂತ್ರ ಕಾರ್ಖಾನೆಯಲ್ಲಿ ನೌಕರಿ.

ಕಥೆ ನಿಜವಾಗಿ ಶುರುವಾಗುವುದು ಆ ಕಾರ್ಖಾನೆಯ ಕಟ್ಟಿಗೆ ಹೊಟ್ಟಿನಿಂದ. ಅಲ್ಲಿ ಮರದ ಕೆಲಸದ ಯಂತ್ರಗಳಿಂದ ಬೀಳುವ ಹೊಟ್ಟನ್ನು ಕೊಳವೆಯಲ್ಲಿ ಗಾಳಿಯಿಂದ ಎಳೆದು ಹೊರಹಾಕುವ ವ್ಯವಸ್ಥೆ ಇತ್ತು. ಅದನ್ನು ಸುಧಾರಿಸುವ ಕೆಲಸ ಪ್ರಾಂಟ್ಲ್ ಪಾಲಿಗೆ ಬಂತು. ಕೊಳವೆಯನ್ನು ಒಂದು ಕಡೆ ನಿಧಾನಕ್ಕೆ ಅಗಲ ಮಾಡುತ್ತ ಹೋದರೆ ಗಾಳಿಯ ವೇಗ ಇಳಿದು ಒತ್ತಡ ಏರಬೇಕು, ಪುಸ್ತಕದ ಲೆಕ್ಕ ಹಾಗೆ ಹೇಳುತ್ತಿತ್ತು. ಮಾಡಿ ನೋಡಿದರೆ ಒತ್ತಡ ಅಷ್ಟು ಏರಲಿಲ್ಲ. ಗಾಳಿ ಕೊಳವೆಯ ಗೋಡೆಯನ್ನು ಅನುಸರಿಸುವ ಬದಲು ಅದನ್ನು ಬಿಟ್ಟು ದೂರ ಸರಿದುಬಿಟ್ಟಿತ್ತು. ವ್ಯವಸ್ಥೆಯನ್ನು ಹೇಗೋ ಸುಧಾರಿಸಿ ಕೊಟ್ಟರು. ಆದರೆ ಗಾಳಿ ಗೋಡೆಯನ್ನು ಯಾಕೆ ಬಿಟ್ಟಿತು ಎಂಬ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ. 1901ರಲ್ಲಿ, 26ನೆಯ ವಯಸ್ಸಿಗೇ, ಹ್ಯಾನೋವರ್‌ನಲ್ಲಿ ಪ್ರಾಧ್ಯಾಪಕರಾದರು. ಪ್ರಶ್ನೆಯೂ ಅವರ ಜೊತೆಗೇ ಹೋಯಿತು.

ಆ ಪ್ರಶ್ನೆ ಎಷ್ಟು ದೊಡ್ಡದು ಎಂದು ತಿಳಿಯಲು ಹೈವೇಗೆ ಬಂದರೆ ಸಾಕು. ಸೊಲ್ಲಾಪುರದಿಂದ ವಿಜಯಪುರದ ಕಡೆಗೆ ಬೈಕಿನಲ್ಲಿ ಹೋಗುವವರಿಗೆ ಗೊತ್ತು, ಮುಂದೆ ಓಡುವ ಲಾರಿಯ ಬೆನ್ನ ಹಿಂದೆ ಧೂಳು, ಕಾಗದ, ಕಬ್ಬಿನ ರವದಿ ಎಲ್ಲ ಗಿರಗಿರ ತಿರುಗುತ್ತಿರುತ್ತದೆ. ಲಾರಿಯ ಜೊತೆಗೇ ಎಳೆದುಕೊಂಡು ಹೋದಂತೆ ಕಾಣುತ್ತದೆ. ನಿಜವಾಗಿ ಅದು ಲಾರಿಯನ್ನೇ ಹಿಂದಕ್ಕೆ ಎಳೆಯುತ್ತಿರುತ್ತದೆ. ಲಾರಿಯ ಹಿಂಬದಿ ಗೋಡೆಯಂತೆ ನೇರವಾಗಿ ಕತ್ತರಿಸಿದ ಆಕಾರ. ಗಾಳಿ ಅಂಚಿನವರೆಗೆ ಬಂದು ತಟ್ಟನೆ ಕಳಚಿಕೊಳ್ಳುತ್ತದೆ, ಹಿಂದೆ ಒತ್ತಡ ಕಡಿಮೆಯ ಒಂದು ಪೊಳ್ಳು ಉಳಿಯುತ್ತದೆ. ಮುಂದೆ ಒತ್ತಡ ಹೆಚ್ಚು, ಹಿಂದೆ ಕಡಿಮೆ. ಆ ವ್ಯತ್ಯಾಸವೇ ಗಾಳಿಯ ತಡೆ. ಇಂಥ ಮೊಂಡು ಆಕಾರಗಳಿಗೆ ತಡೆಯ ದೊಡ್ಡ ಪಾಲು ಹುಟ್ಟುವುದು ಮೂತಿಯಲ್ಲಲ್ಲ, ಬೆನ್ನಿನಲ್ಲಿ. ದೊಡ್ಡ ಲಾರಿ ಹೈವೇ ವೇಗದಲ್ಲಿ ಓಡುವಾಗ ಎಂಜಿನ್ನಿನ ಶಕ್ತಿಯ ಹತ್ತಿರ ಹತ್ತಿರ ಅರ್ಧ ಗಾಳಿಯನ್ನು ದಾಟಲಿಕ್ಕೇ ಹೋಗುತ್ತದೆ. ಡೀಸೆಲ್ ಬೆಲೆ ಗೊತ್ತಿದ್ದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಪ್ರಾಂಟ್ಲ್‌ಗಿಂತ ಮುಂಚೆ ಈ ತಡೆಯ ಲೆಕ್ಕ ಯಾರಿಗೂ ಕೂಡಿ ಬರುತ್ತಿರಲಿಲ್ಲ. 18ನೆಯ ಶತಮಾನದ ಫ್ರೆಂಚ್ ಗಣಿತಜ್ಞ ಡಾಲಂಬೇರ್, ಅಂಟುವ ಗುಣವೇ ಇಲ್ಲದ ದ್ರವದಲ್ಲಿ ಒಂದು ವಸ್ತು ಚಲಿಸಿದರೆ ತಡೆ ಸೊನ್ನೆ ಎಂದು ಲೆಕ್ಕ ಮಾಡಿ ತೋರಿಸಿದ್ದರು. ಲೆಕ್ಕ ಸರಿ, ಉತ್ತರ ಸುಳ್ಳು. ಆಮೇಲೆ ನಾವಿಯೇ ಮತ್ತು ಸ್ಟೋಕ್ಸ್ ಎಂಬುವರು ಅಂಟುವ ಗುಣವನ್ನೂ ಸೇರಿಸಿ ಸಮೀಕರಣ ಬರೆದರು. ಅದು ನಿಜ, ಆದರೆ ಬಿಡಿಸುವುದಕ್ಕೆ ಆಗುತ್ತಿರಲಿಲ್ಲ. ಗಾಳಿ ಮತ್ತು ನೀರಿನಲ್ಲಿ ಅಂಟುವ ಗುಣ ಎಷ್ಟು ಕಡಿಮೆಯೆಂದರೆ ಅದನ್ನು ಬಿಟ್ಟುಬಿಡೋಣ ಅನ್ನಿಸುತ್ತದೆ, ಬಿಟ್ಟರೆ ಉತ್ತರ ಸೊನ್ನೆ ಬರುತ್ತದೆ. ಗಣಿತದವರು ಒಂದು ಕಡೆ, ನಾಲೆ ಕಟ್ಟುವ ಎಂಜಿನಿಯರರು ಇನ್ನೊಂದು ಕಡೆ, ಇಬ್ಬರಿಗೂ ಮಾತಿಲ್ಲ ಕಥೆಯಿಲ್ಲ.

ಹ್ಯಾನೋವರ್‌ನಲ್ಲಿ ಪ್ರಾಂಟ್ಲ್ ಸುಮಾರು ಒಂದೂವರೆ ಮೀಟರ್ ಉದ್ದದ ಒಂದು ನೀರಿನ ತೊಟ್ಟಿ ಮಾಡಿಸಿದರು. ಒಂದು ಚಕ್ರವನ್ನು ಕೈಯಿಂದ ತಿರುವಿದರೆ ನೀರು ಸುತ್ತಿಕೊಂಡು ಹರಿಯುತ್ತಿತ್ತು. ನೀರಿನಲ್ಲಿ ಮಿನುಗುವ ಖನಿಜದ ಪುಡಿ ಬೆರೆಸಿ, ಅದು ಸಾಗುವ ದಾರಿಯ ಫೋಟೋ ತೆಗೆದರು. ಕರೆಂಟಿಲ್ಲ, ಪಂಪಿಲ್ಲ, ನಮ್ಮ ಹಳ್ಳಿಯ ಬಡಿಗ ಮತ್ತು ಕಮ್ಮಾರ ಸೇರಿ ಮಾಡಬಹುದಾದ ಸಾಮಾನು.

ಅವರು ಕಂಡದ್ದು ಇಷ್ಟು. ವಸ್ತುವಿನ ಮೈಗೆ ತಾಗಿದ ನೀರು ಮೈಗೆ ಅಂಟಿ ನಿಂತೇ ಬಿಡುತ್ತದೆ, ಅದರ ವೇಗ ಸೊನ್ನೆ. ಸ್ವಲ್ಪವೇ ದೂರದಲ್ಲಿ ನೀರು ಪೂರ್ತಿ ವೇಗದಲ್ಲಿ ಓಡುತ್ತಿರುತ್ತದೆ. ಈ ಎರಡರ ನಡುವೆ ಬಹಳ ತೆಳುವಾದ ಒಂದು ಪದರವಿದೆ. ಅಂಟುವ ಗುಣದ ಆಟವೆಲ್ಲ ಆ ಪದರದ ಒಳಗೇ. ಹೊರಗೆ ಡಾಲಂಬೇರ್ ಲೆಕ್ಕ ನಡೆಯುತ್ತದೆ, ಒಳಗೆ ನಡೆಯುವುದಿಲ್ಲ. ಇದನ್ನೇ ಈಗ ಬೌಂಡರಿ ಲೇಯರ್ ಎನ್ನುತ್ತಾರೆ, ಕನ್ನಡದಲ್ಲಿ ಗಡಿಪದರ ಎನ್ನಬಹುದು. ಗಡಿಯಲ್ಲಿ ಬದುಕುವವರ ಲೆಕ್ಕ ಬೇರೆ ಇರುತ್ತದೆ ಎಂಬುದು ನಮಗೆ ಹೊಸದಲ್ಲ ಬಿಡಿ.

ಗಡಿಪದರದ ನೀರು ಸುಸ್ತಾದ ನೀರು. ಒಂದು ದುಂಡು ಕಂಬದ ಮುಂಭಾಗದಲ್ಲಿ ಹೇಗೋ ಸಾಗುತ್ತದೆ. ಹಿಂಭಾಗಕ್ಕೆ ತಿರುಗುವಾಗ ಒತ್ತಡ ಏರತೊಡಗುತ್ತದೆ, ಏರಿಯನ್ನು ಹತ್ತಿದ ಹಾಗೆ. ಹೊರಗಿನ ನೀರಿಗೆ ವೇಗವಿದೆ, ಹತ್ತುತ್ತದೆ. ಪದರದ ನೀರಿಗೆ ಕಸುವಿಲ್ಲ, ನಡುವೆ ನಿಂತು, ಹಿಂದಕ್ಕೆ ಹೊರಳಿ, ಇಡೀ ಹರಿವನ್ನು ಮೈಯಿಂದ ಎಬ್ಬಿಸಿ ದೂರ ಹಾಕುತ್ತದೆ. ಕೊಳವೆಯಲ್ಲಿ ಗಾಳಿ ಗೋಡೆ ಬಿಟ್ಟದ್ದಕ್ಕೂ ಇದೇ ಕಾರಣ, ಲಾರಿ ಅಗಲವಾದ ಪೊಳ್ಳನ್ನು ಎಳೆದುಕೊಂಡು ಹೋಗುವುದರ ಹಿಂದೆಯೂ ಇದೇ ತೆಳುಪದರ.

ಇಲ್ಲಿಗೇ ನಿಂತಿದ್ದರೂ ಅವರ ಹೆಸರು ಉಳಿಯುತ್ತಿತ್ತು. ಅವರು ಇನ್ನೊಂದು ಹೆಜ್ಜೆ ಇಟ್ಟರು. ಪೊಳ್ಳು ಕಂಬವೊಂದರ ಒಂದು ಪಕ್ಕದಲ್ಲಿ ಉದ್ದಕ್ಕೆ ತೆಳು ಸೀಳು ಮಾಡಿ, ಅದರೊಳಗಿಂದ ಆ ಸುಸ್ತಾದ ನೀರನ್ನು ಸ್ವಲ್ಪ ಸ್ವಲ್ಪವೇ ಹೀರಿಕೊಂಡರು. ಫೋಟೋದಲ್ಲಿ ಸೀಳು ಇಲ್ಲದ ಪಕ್ಕ ನೀರು ಎಂದಿನಂತೆ ಕಳಚಿಕೊಂಡಿದೆ. ಸೀಳು ಇದ್ದ ಪಕ್ಕ ಮೈಗೆ ಅಂಟಿಕೊಂಡೇ ಹಿಂದಿನವರೆಗೆ ಸಾಗಿದೆ. ಹೀರಿದ್ದು ಸ್ವಲ್ಪ ನೀರು, ಬದಲಾದದ್ದು ಇಡೀ ಹರಿವು. ಹರಿವಿಗೆ ನಾವೇ ಶಕ್ತಿ ಹಾಕಿ ದಾರಿ ತಿದ್ದುವ ಈ ಕೆಲಸವನ್ನು ಇಂದು ಹರಿವಿನ ಸಕ್ರಿಯ ನಿಯಂತ್ರಣ ಎಂದು ಕರೆಯುತ್ತಾರೆ. ಅದರ ವಂಶಾವಳಿ ಬರೆಯುವವರೆಲ್ಲ ಮೊದಲು ಬರೆಯುವುದು ಈ 1904ರ ಕಂಬವನ್ನೇ.

ಸಭೆಯಲ್ಲಿ ಒಬ್ಬರಿಗೆ ಇದು ತಿಳಿಯಿತು. ಅವರು ಫೆಲಿಕ್ಸ್ ಕ್ಲೈನ್, ಗಾಟಿಂಗೆನ್ ವಿಶ್ವವಿದ್ಯಾಲಯದ ಹಿರಿಯ ಗಣಿತಜ್ಞ. ಅದೇ ವರ್ಷ ಪ್ರಾಂಟ್ಲ್ ಅವರನ್ನು ಗಾಟಿಂಗೆನ್‌ಗೆ ಕರೆಸಿಕೊಂಡರು. ಹ್ಯಾನೋವರ್‌ನಲ್ಲಿ ಇದ್ದದ್ದಕ್ಕಿಂತ ಇಲ್ಲಿ ಹುದ್ದೆ ಒಂದು ಮೆಟ್ಟಿಲು ಕೆಳಗೆ. ಆದರೂ ಬಂದರು. ಬದುಕಿನ ಉಳಿದ 49 ವರ್ಷವೂ ಆ ಊರು ಬಿಡಲಿಲ್ಲ. 1909ರಲ್ಲಿ ತಮ್ಮ ಗುರು ಫೊಪ್ಲ್ ಅವರ ಹಿರಿಯ ಮಗಳು ಗೆರ್ಟ್ರೂಡ್ ಅವರನ್ನು ಮದುವೆಯಾದರು. ಯಾವ ಮಗಳು ಎಂದು ಹೇಳದೆಯೇ ಕನ್ಯೆ ಕೇಳಿದ್ದರು, ದೊಡ್ಡವಳಿರಲಿ ಎಂದು ಮನೆಯವರೇ ತೀರ್ಮಾನಿಸಿದರು ಎಂದು ಶಿಷ್ಯರು ಕಥೆ ಕಟ್ಟಿ ನಗುತ್ತಿದ್ದರು. ಕಥೆ ಎಷ್ಟು ನಿಜವೋ, ಲೋಕವ್ಯವಹಾರ ಅಷ್ಟಾಗಿ ಗೊತ್ತಿಲ್ಲದ ಮನುಷ್ಯ ಎಂಬುದನ್ನಂತೂ ಎಲ್ಲರೂ ಒಪ್ಪುತ್ತಾರೆ. ದಂಪತಿಗೆ ಇಬ್ಬರು ಹೆಣ್ಣುಮಕ್ಕಳು. ಅವರಲ್ಲಿ ಕಿರಿಯ ಮಗಳು ಯೋಹಾನ್ನಾ ಮುಂದೆ ತಂದೆಯ ಜೀವನಚರಿತ್ರೆ ಬರೆದರು.

ಗಾಟಿಂಗೆನ್‌ನಲ್ಲಿ 1908ರ ಹೊತ್ತಿಗೆ ಗಾಳಿ ಸುರಂಗ ತಲೆ ಎತ್ತಿತು. ವಸ್ತುವನ್ನು ಓಡಿಸುವ ಬದಲು ನಿಲ್ಲಿಸಿ, ಅದರ ಮೇಲೆ ಗಾಳಿ ಹಾಯಿಸುವ ಸಾಧನ. ಹಾದುಹೋದ ಗಾಳಿ ಸುತ್ತಿ ಬಂದು ಮತ್ತೆ ಫ್ಯಾನಿಗೇ ಸೇರುವ ಹಾಗೆ ಕಟ್ಟಿದ್ದರು. ಪರೀಕ್ಷೆಯ ಜಾಗ 2 ಮೀಟರ್ ಉದ್ದಗಲ. ಜಗತ್ತಿನ ಎಷ್ಟೋ ಸುರಂಗಗಳು ಆಮೇಲೆ ಇದೇ ಮಾದರಿಯಲ್ಲಿ ಎದ್ದವು.

ಅಲ್ಲಿ ಹೀಮೆಂಜ್ ಎಂಬ ಶಿಷ್ಯನಿಗೆ ಒಂದು ಕೆಲಸ ಕೊಟ್ಟಿದ್ದರು. ನೀರಿನ ನಾಲೆಯಲ್ಲಿ ಕಂಬ ನಿಲ್ಲಿಸಿ ಸುತ್ತಲಿನ ಒತ್ತಡ ಅಳೆಯುವುದು. ನೀರು ಕಂಬದ ಹಿಂದೆ ಒಮ್ಮೆ ಆಚೆ ಒಮ್ಮೆ ಈಚೆ ತೊನೆಯುತ್ತಲೇ ಇತ್ತು, ಒಂದು ಕಡೆ ನಿಲ್ಲಲಿಲ್ಲ. ಕಂಬ ಸರಿಯಾಗಿ ದುಂಡಗಿಲ್ಲ ಎಂದು ಗುರುಗಳು ಹೇಳಿದರು. ಹುಡುಗ ಉಜ್ಜಿ ಉಜ್ಜಿ ದುಂಡಗೆ ಮಾಡಿದ. ಆದರೂ ತೊನೆತ. ನಾಲೆ ಓರೆಯಿದೆ ಎಂದರು. ಅದನ್ನೂ ತಿದ್ದಿದ. ಆದರೂ ತೊನೆತ. ಪಕ್ಕದಲ್ಲೇ ಹಂಗೇರಿಯ ಇನ್ನೊಬ್ಬ ಶಿಷ್ಯ ಥಿಯೋಡೋರ್ ಫಾನ್ ಕಾರ್ಮನ್ ಇದ್ದರು. ತೊನೆಯುವುದು ಕಂಬದ ತಪ್ಪಲ್ಲ, ಹರಿವಿನ ಸ್ವಭಾವವೇ ಹಾಗೆ ಎಂದು ಅವರಿಗೆ ಹೊಳೆಯಿತು. ಕಂಬದ ಎರಡು ಪಕ್ಕದಿಂದ ಸರದಿಯಂತೆ ಸುಳಿಗಳು ಕಳಚಿ ಸಾಲುಗಟ್ಟಿ ಹೋಗುತ್ತವೆ ಎಂದು 1911ರಲ್ಲಿ ಲೆಕ್ಕ ಮಾಡಿ ತೋರಿಸಿದರು. ಈಗ ಅದು ಕಾರ್ಮನ್ ಸುಳಿಸಾಲು. ಗುರು ತಪ್ಪಿದ ಜಾಗದಲ್ಲಿ ಶಿಷ್ಯ ಹೆಸರು ಮಾಡಿದ. ಗುರುಗಳು ಅದನ್ನು ತಡೆಯಲಿಲ್ಲ, ಬರೆದು ಪ್ರಕಟಿಸಲು ಬೆಂಬಲಕ್ಕೇ ನಿಂತರು. ನಮ್ಮ ವಿಶ್ವವಿದ್ಯಾಲಯಗಳ ಕಥೆ ಬಲ್ಲವರಿಗೆ ಇದು ಸಣ್ಣ ಸಂಗತಿ ಅನ್ನಿಸಲಾರದು.

ಆಮೇಲೆ ಬಂದದ್ದು ಐಫೆಲ್ ಜಗಳ. ಪ್ಯಾರಿಸ್‌ನಲ್ಲಿ ಗೋಪುರ ಕಟ್ಟಿದ ಅದೇ ಗುಸ್ತಾವ್ ಐಫೆಲ್ ಇಳಿವಯಸ್ಸಿನಲ್ಲಿ ಗಾಳಿಯ ಹುಚ್ಚು ಹಿಡಿಸಿಕೊಂಡು ಸ್ವಂತ ಸುರಂಗ ಕಟ್ಟಿಸಿದ್ದರು. ಅಲ್ಲಿ ಗೋಲದ ಮೇಲಿನ ಗಾಳಿಯ ತಡೆ ಅಳೆದಾಗ ಗಾಟಿಂಗೆನ್‌ನ ಸಂಖ್ಯೆಯ ಅರ್ಧಕ್ಕಿಂತ ಕಡಿಮೆ ಬಂತು. ಐಫೆಲ್ ಲೆಕ್ಕದಲ್ಲಿ ಎಲ್ಲೋ ಎರಡರಿಂದ ಗುಣಿಸಲು ಮರೆತಿದ್ದಾರೆ ಎಂದು ಗಾಟಿಂಗೆನ್‌ನವರು ಅಂದುಕೊಂಡರು. ಮುದುಕನಿಗೆ ಸಿಟ್ಟು ಬಂತು. ಮತ್ತೆ ಬೇರೆ ಬೇರೆ ವೇಗದಲ್ಲಿ ಅಳೆದು, 1912ರಲ್ಲಿ ವಿಚಿತ್ರ ಸಂಗತಿ ಮುಂದಿಟ್ಟರು. ಗಾಳಿಯ ವೇಗ ಒಂದು ಮಟ್ಟ ದಾಟಿದ ಕೂಡಲೇ ಗೋಲದ ತಡೆಯ ಗುಣಾಂಕ ತಟ್ಟನೆ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಗಾಟಿಂಗೆನ್ ಸುರಂಗದ ವೇಗ ಕಡಿಮೆ, ಆ ಮಟ್ಟ ಮುಟ್ಟಿರಲೇ ಇಲ್ಲ. ಇಬ್ಬರ ಸಂಖ್ಯೆಯೂ ಸರಿಯಾಗಿತ್ತು.

ಹೀಗೇಕೆ ಎಂಬುದನ್ನು 1914ರಲ್ಲಿ ಬಿಡಿಸಿದವರು ಪ್ರಾಂಟ್ಲ್. ವೇಗ ಹೆಚ್ಚಾದಾಗ ಗಡಿಪದರ ಶಾಂತವಾಗಿ ಉಳಿಯುವುದಿಲ್ಲ, ಕಲಕಿ ಹೋಗುತ್ತದೆ. ಕಲಕಿದಾಗ ಹೊರಗಿನ ವೇಗದ ಗಾಳಿ ಒಳಕ್ಕೆ ಬೆರೆತು ಸುಸ್ತಾದ ಪದರಕ್ಕೆ ಕಸುವು ತುಂಬುತ್ತದೆ. ಅದು ಏರಿಯನ್ನು ಇನ್ನಷ್ಟು ಹತ್ತುತ್ತದೆ, ಗೋಲದ ಹಿಂಬದಿಯವರೆಗೂ ಅಂಟಿ ಸಾಗುತ್ತದೆ. ಹಿಂದಿನ ಪೊಳ್ಳು ಕಿರಿದಾಗುತ್ತದೆ, ತಡೆ ಇಳಿಯುತ್ತದೆ. ಹೇಳಿ ಬಿಡಲಿಲ್ಲ, ಮಾಡಿ ತೋರಿಸಿದರು. ಗೋಲದ ಮುಂಭಾಗಕ್ಕೆ, ನಡುವಿಗಿಂತ ತುಸು ಮುಂದೆ, ತೆಳ್ಳನೆಯ ತಂತಿಯ ಬಳೆ ತೊಡಿಸಿದರು. ತಂತಿ ಪದರವನ್ನು ಬೇಕೆಂದೇ ಕಲಕಿತು. ಕಡಿಮೆ ವೇಗದಲ್ಲೇ ತಡೆ ಇಳಿಯಿತು. ಮೈಗೆ ಒರಟು ತಂತಿ ಸುತ್ತಿದರೆ ತಡೆ ಹೆಚ್ಚಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದದ್ದು ಅದರ ಉಲ್ಟಾ.

ಇದನ್ನು ನಾವು ಟಿವಿಯಲ್ಲಿ ನೂರಾರು ಸಲ ನೋಡಿದ್ದೇವೆ. ಹೊಸ ಚೆಂಡನ್ನು ವೆಂಕಟೇಶ್ ಪ್ರಸಾದ್ ಹೊಲಿಗೆ ಓರೆ ಹಿಡಿದು ಎಸೆಯುತ್ತಿದ್ದರಲ್ಲ, ಆ ಹೊಲಿಗೆ ಮಾಡುತ್ತಿದ್ದದ್ದು ಪ್ರಾಂಟ್ಲ್ ತಂತಿಯ ಕೆಲಸವನ್ನೇ. ಹೊಲಿಗೆಯ ಪಕ್ಕದಲ್ಲಿ ಗಾಳಿ ಕಲಕಿ ತಡವಾಗಿ ಕಳಚುತ್ತದೆ, ನುಣುಪಾದ ಪಕ್ಕದಲ್ಲಿ ಬೇಗ ಕಳಚುತ್ತದೆ. ಎರಡೂ ಕಡೆ ಸಮ ಇಲ್ಲದ್ದರಿಂದ ಚೆಂಡು ಬಾಗುತ್ತದೆ. ಗಾಲ್ಫ್ ಚೆಂಡಿನ ಗುಳಿಗಳೂ ಇದೇ ಜಾತಿ.

ಮೊದಲ ಮಹಾಯುದ್ಧದಲ್ಲಿ ಸೈನ್ಯದ ಹಣದಿಂದ ದೊಡ್ಡ ಸುರಂಗ ಬಂತು. ವಿಮಾನದ ರೆಕ್ಕೆಯ ಮೇಲೆತ್ತುವ ಬಲದ ಲೆಕ್ಕವನ್ನು 1918-19ರಲ್ಲಿ ಪ್ರಕಟಿಸಿದರು, ಅದೇ ಒಂದು ದೊಡ್ಡ ಕಥೆ, ಇಲ್ಲಿ ಬೇಡ. 1924ರಲ್ಲಿ ಆಂಟನ್ ಫ್ಲೆಟ್ನರ್ ಎಂಬುವರು ಹಾಯಿಯ ಬದಲು ಎರಡು ಎತ್ತರದ ತಿರುಗುವ ಕಂಬಗಳನ್ನು ಹಡಗಿನ ಮೇಲೆ ನಿಲ್ಲಿಸಿ ಸಮುದ್ರಕ್ಕೆ ಬಿಟ್ಟರು. ಅದರ ಪರೀಕ್ಷೆಗಳು ನಡೆದದ್ದು ಗಾಟಿಂಗೆನ್‌ನಲ್ಲಿ. ಕಂಬ ಗಾಳಿಯ ದಿಕ್ಕಿಗೆ ತಿರುಗುವ ಪಕ್ಕದಲ್ಲಿ ಗಡಿಪದರಕ್ಕೆ ಸುಸ್ತೇ ಆಗುವುದಿಲ್ಲ, ಗೋಡೆಯೇ ಅದನ್ನು ಹೊತ್ತು ಓಡುತ್ತದೆ. ಹೀರುವುದು ಒಂದು ಉಪಾಯ, ಕಲಕುವುದು ಇನ್ನೊಂದು, ತಿರುಗಿಸುವುದು ಮೂರನೆಯದು. ಆ ಹಡಗು 1926ರಲ್ಲಿ ಅಟ್ಲಾಂಟಿಕ್ ದಾಟಿತು, ಆದರೆ ಡೀಸೆಲ್ ಎಂಜಿನ್ ಎದುರು ವ್ಯಾಪಾರದಲ್ಲಿ ಗೆಲ್ಲಲಿಲ್ಲ. 1925ರಲ್ಲಿ ಹರಿವಿನ ಸಂಶೋಧನೆಗೆಂದೇ ಕೈಸರ್ ವಿಲ್ಹೆಲ್ಮ್ ಸಂಸ್ಥೆ ಹುಟ್ಟಿತು, ಪ್ರಾಂಟ್ಲ್ ಅದರ ನಿರ್ದೇಶಕರಾದರು. ಅಲ್ಲಿ ಓಸ್ಕರ್ ಶ್ರೆಂಕ್ ಎಂಬ ಸಹೋದ್ಯೋಗಿ ದಪ್ಪ ರೆಕ್ಕೆಗಳ ಮೇಲೆ ಸೀಳು ಮಾಡಿ ಗಾಳಿ ಹೀರುವ ಪ್ರಯೋಗವನ್ನು ವರ್ಷಗಟ್ಟಲೆ ನಡೆಸಿದರು.

ಇನ್ನು ಹೇಳದೇ ಬಿಡಬಾರದ ಭಾಗ.

1933ರಲ್ಲಿ ಹಿಟ್ಲರ್ ಬಂದ. ಗಾಟಿಂಗೆನ್ ಗಣಿತ ಮತ್ತು ಭೌತಶಾಸ್ತ್ರಕ್ಕೆ ಕಾಶಿಯಂತಿದ್ದ ಊರು. ಮ್ಯಾಕ್ಸ್ ಬಾರ್ನ್, ರಿಚರ್ಡ್ ಕೂರಾಂಟ್, ಎಮ್ಮಿ ನೋಥರ್ ಮುಂತಾದ ಯಹೂದಿ ವಿದ್ವಾಂಸರನ್ನು ಕೆಲಸದಿಂದ ತೆಗೆದರು, ಅವರೆಲ್ಲ ದೇಶ ಬಿಟ್ಟರು. ಪ್ರಾಂಟ್ಲ್ ಉಳಿದರು. ಅವರು ನಾಜಿ ಪಕ್ಷದ ಸದಸ್ಯರಾಗಲಿಲ್ಲ. ಕೆಲಸ ಕಳೆದುಕೊಂಡ ಕೆಲವರ ಪರವಾಗಿ ಪತ್ರ ಬರೆದರು. ಐನ್‌ಸ್ಟೈನ್ ಸಿದ್ಧಾಂತ ಯಹೂದಿಗಳ ವಿಜ್ಞಾನ ಎಂದು ಹೀಯಾಳಿಸುವ ಗುಂಪು ಹೈಸೆನ್‌ಬರ್ಗ್ ಮೇಲೆ ಮುಗಿಬಿದ್ದಾಗ, 1938ರಲ್ಲಿ ಹಿಮ್ಲರ್ ಬಳಿಯೇ ಮಾತೆತ್ತಿ ಅವರ ಪರ ನಿಂತರು. ಇದಕ್ಕೆ ಧೈರ್ಯ ಬೇಕು.

ಆದರೆ ಇನ್ನೊಂದು ಪಕ್ಕವೂ ಇದೆ. ಗೋರಿಂಗ್‌ನ ವಾಯು ಸಚಿವಾಲಯ ಗಾಟಿಂಗೆನ್‌ಗೆ ಹಣ ಸುರಿಯಿತು, ಹೊಸ ಸುರಂಗಗಳು ಬಂದವು, ಕೆಲಸಗಾರರು ನೂರಾರಾದರು. ಹುಟ್ಟುತ್ತಿದ್ದದ್ದು ಯುದ್ಧ ವಿಮಾನದ ಲೆಕ್ಕ. ಪ್ರಾಂಟ್ಲ್‌ಗೆ ಅದು ತಿಳಿಯದ ವಿಷಯವಲ್ಲ. 1938ರಲ್ಲಿ ಅಮೆರಿಕದಲ್ಲಿ ನಡೆದ ಸಮ್ಮೇಳನದಿಂದ ಮರಳಿದ ಮೇಲೆ ಇಂಗ್ಲೆಂಡಿನ ತಮ್ಮ ವಿಜ್ಞಾನಿ ಮಿತ್ರ ಜಿ.ಐ. ಟೇಲರ್ ಅವರಿಗೆ ಪತ್ರ ಬರೆದು ಹಿಟ್ಲರನನ್ನೂ ಅವನ ಸರ್ಕಾರವನ್ನೂ ಸಮರ್ಥಿಸಿಕೊಂಡರು. ಯುದ್ಧ ಶುರುವಾಗುವ ಮುಂಚೆ 1939ರಲ್ಲೂ ಅದೇ ಧಾಟಿ. ಓದಿದ ಟೇಲರ್ ಬೇಸರಪಟ್ಟರು, ವರ್ಷಗಳ ಸ್ನೇಹ ಅಲ್ಲಿಗೆ ಮುರಿಯಿತು. ರಾಜಕೀಯ ತಿಳಿಯದ ಮುಗ್ಧ ಮನುಷ್ಯ ಎಂದು ಅವರ ಪರ ಹೇಳುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ನೀರಿನಲ್ಲಿ ಕೂದಲೆಳೆಯಷ್ಟು ಪದರವನ್ನು ಕಂಡ ಕಣ್ಣು ಪಕ್ಕದ ಕೋಣೆ ಖಾಲಿಯಾದದ್ದನ್ನು ಕಾಣಲಿಲ್ಲ ಎಂದರೆ ನಂಬುವುದು ಕಷ್ಟ. 1945ರಲ್ಲಿ ಗಾಟಿಂಗೆನ್ ಅಮೆರಿಕನ್ನರ ಕೈಗೆ ಬಿದ್ದಾಗ, ಸಂಶೋಧನಾಲಯಗಳನ್ನು ಪರಿಶೀಲಿಸಲು ಬಂದ ತಂಡದ ಮುಂದಾಳು ಆ ಹಳೆಯ ಶಿಷ್ಯ ಕಾರ್ಮನ್. ಮೈಮೇಲೆ ಅಮೆರಿಕದ ಸೇನಾ ಸಮವಸ್ತ್ರ. ಯಹೂದಿ ಮನೆತನದ ಕಾರ್ಮನ್ ಮುಂದೆ ಆತ್ಮಕಥೆಯಲ್ಲಿ ಗುರುವಿನ ವಿಜ್ಞಾನವನ್ನು ಹೊಗಳಿದಷ್ಟೇ ಅವರ ಆ ವರ್ಷಗಳ ನಡತೆಯ ಬಗ್ಗೆ ಕಹಿಯಾಗಿ ಬರೆದರು.

ಈಗ ನಮ್ಮ ಕಡೆಯ ಸಂಬಂಧಕ್ಕೆ ಬರೋಣ. 1930ರ ದಶಕದಲ್ಲಿ ಪ್ರಾಂಟ್ಲ್ ಕೈಕೆಳಗೆ ಓದಿ ಡಾಕ್ಟರೇಟ್ ಪಡೆದವರಲ್ಲಿ ಕೊಲ್ಹಾಪುರ ಸೀಮೆಯ ವಿಷ್ಣು ಮಾಧವ ಘಾಟಗೆ ಒಬ್ಬರು. ಅವರು ಭಾರತಕ್ಕೆ ಮರಳಿದ ಕೆಲವು ವರ್ಷಗಳಲ್ಲೇ, 1940ರ ಡಿಸೆಂಬರ್‌ನಲ್ಲಿ, ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುವಾಯಿತು. ಮೈಸೂರು ಸರ್ಕಾರದ ಜೊತೆ ಸೇರಿ ಅದನ್ನು ಕಟ್ಟಿದವರು ವಾಲಚಂದ್ ಹಿರಾಚಂದ್, 1882ರಲ್ಲಿ ನಮ್ಮ ಸೊಲ್ಲಾಪುರದಲ್ಲಿ ಹುಟ್ಟಿದವರು. ಘಾಟಗೆ ಆ ಕಂಪನಿ ಸೇರಿದರು. 1942ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿಮಾನಶಾಸ್ತ್ರದ ವಿಭಾಗ ತೆರೆದಾಗ ಮೊದಲ ಪಾಠ ಹೇಳಿದವರೂ ಅವರೇ. ಅವರ ನೇತೃತ್ವದಲ್ಲಿ ತಯಾರಾದ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರಲ್ಲಿ ಹಾರಿತು. ಪ್ರಾಂಟ್ಲ್ ಉಪನ್ಯಾಸಗಳನ್ನು ಪುಸ್ತಕ ರೂಪಕ್ಕೆ ತಂದ ಶಿಷ್ಯ ಓಸ್ಕರ್ ಟೀಟ್ಯೆನ್ಸ್ ಕೂಡ ಕೆಲಕಾಲ ಅದೇ ಬೆಂಗಳೂರಿನ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದರು. ನಂತರ ಅದರ ಮುಖ್ಯಸ್ಥರಾಗಿ ಬಂದವರು ಸತೀಶ್ ಧವನ್. ಗಾಟಿಂಗೆನ್ ತೊಟ್ಟಿಯ ನೀರು ಹೀಗೆ ಬೆಂಗಳೂರಿಗೂ ಹರಿದು ಬಂತು.

ಯುದ್ಧದ ನಂತರ ಬ್ರಿಟಿಷರು ಗಾಟಿಂಗೆನ್‌ನ ಸುರಂಗಗಳನ್ನು ಕಳಚಿದರು. ಪ್ರಾಂಟ್ಲ್ ಅವರ ಹೆಂಡತಿ 1940ರಲ್ಲೇ ತೀರಿಕೊಂಡಿದ್ದರು. ಮುದುಕರು ಹವಾಮಾನದ ಲೆಕ್ಕದಲ್ಲಿ ಮುಳುಗಿದರು. ಕೊನೆಯ ದೊಡ್ಡ ಕೆಲಸ ಯುದ್ಧ ಮುಗಿಯುವ ಮುನ್ನವೇ, 1945ರ ಜನವರಿಯಲ್ಲಿ ಮಂಡಿಸಿದ್ದು. ಕಲಕಿದ ಹರಿವಿನಲ್ಲಿ ಸುಳಿಗಳ ಶಕ್ತಿ ಹೇಗೆ ಹುಟ್ಟಿ ಹೇಗೆ ಅಡಗುತ್ತದೆ ಎಂಬುದಕ್ಕೆ ಒಂದು ಸಮೀಕರಣ. ಆಗ ಅವರಿಗೆ 70ರ ಹೊಸ್ತಿಲು. 1953ರ ಆಗಸ್ಟ್ 15ರಂದು ಗಾಟಿಂಗೆನ್‌ನಲ್ಲೇ ತೀರಿಕೊಂಡರು. ನೊಬೆಲ್ ಬಂದಿರಲಿಲ್ಲ.

ಆ 1945ರ ಸಮೀಕರಣದ ಸಂತತಿಯೇ ಇಂದು ಕಂಪ್ಯೂಟರಿನಲ್ಲಿ ಗಾಳಿಯ ಸಿಮ್ಯುಲೇಶನ್ ಮಾಡುವ ಸಾಫ್ಟ್‌ವೇರ್‌ಗಳ ಹೊಟ್ಟೆಯೊಳಗಿದೆ. ಗಾಟಿಂಗೆನ್ ಸಂಸ್ಥೆಯ ಉತ್ತರಾಧಿಕಾರಿಯಾದ ಜರ್ಮನಿಯ ವಾಯುಯಾನ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಎಸ್.ಆರ್. ಅಹ್ಮದ್ 1984ರಲ್ಲಿ ಒಂದು ಮೀಟರಿಗಿಂತ ತುಸು ಉದ್ದದ, ಇಟ್ಟಿಗೆಯಂಥ ಕಾರಿನ ಮಾದರಿಯನ್ನು ಪರೀಕ್ಷಿಸಿದರು. ಅದರ ತಡೆಯ ಬಹುಪಾಲು ಹಿಂಬದಿಯಿಂದಲೇ ಬರುತ್ತಿತ್ತು. ಅಹ್ಮದ್ ಬಾಡಿ ಎಂದು ಹೆಸರಾದ ಆ ಇಟ್ಟಿಗೆಯ ಮೇಲೆ ಜಗತ್ತಿನ ಸಂಶೋಧಕರು ಕಂಪ್ಯೂಟರಿನಲ್ಲಿ ಏನೇನೋ ಉಪಾಯ ಹೂಡುತ್ತಾರೆ. ಹಿಂದಿನ ಅಂಚಿನ ಸೀಳಿನಿಂದ ಗಾಳಿ ಊದುವುದು, ಹೀರುವುದು, ಸ್ಪೀಕರಿನ ಪೊರೆಯಂಥದನ್ನು ಕಂಪಿಸಿ ಊದು-ಹೀರು ಎರಡನ್ನೂ ಸರದಿಯಂತೆ ಮಾಡುವುದು.

ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ, ಅಂದರೆ ಕಾರ್ಮನ್ ಬೆಳೆಸಿದ ಸಂಸ್ಥೆಯಲ್ಲೇ, 1991ರಲ್ಲಿ ಟೊಕುಮಾರು ಮತ್ತು ಡಿಮೊಟಾಕಿಸ್ ಒಂದು ದುಂಡು ಕಂಬವನ್ನು ನೀರಿನಲ್ಲಿ ಎಡಕ್ಕೂ ಬಲಕ್ಕೂ ಬೇಗ ಬೇಗ ಹೊರಳಾಡಿಸಿ, ತಡೆಯನ್ನು ಶೇಕಡಾ 80ರಷ್ಟು ಇಳಿಸಿದ್ದನ್ನು ಪ್ರಕಟಿಸಿದರು. ನಂಬಲು ಕಷ್ಟವಾದ ಸಂಖ್ಯೆ. 2001ರಲ್ಲಿ ಶೀಲ್ಸ್ ಮತ್ತು ಲೆನರ್ಡ್ ಅದೇ ಕಂಬವನ್ನು ಕಂಪ್ಯೂಟರಿನಲ್ಲಿ ಹೊರಳಾಡಿಸಿ, ಒಳಗೆ ಏನಾಗುತ್ತದೆ ಎಂದು ನೋಡಿದರು. ಸರಿಯಾದ ಲಯದಲ್ಲಿ ಹೊರಳಿದಾಗ ಗಡಿಪದರದಲ್ಲಿ ಎದುರುಬದುರು ಸುಳಿಗಳು ಕಟ್ಟಿಕೊಂಡು, ಹರಿವು ಕಳಚುವುದನ್ನು ಹಿಂದಕ್ಕೆ ತಳ್ಳುತ್ತವೆ ಎಂದು ಕಂಡಿತು. ಹರಿವಿನ ವೇಗ ಕಡಿಮೆಯಿದ್ದರೆ ಈ ಲಾಭ ಸಿಗುವುದಿಲ್ಲ ಎಂಬುದೂ ಅಲ್ಲಿ ತಿಳಿಯಿತು. ಪ್ರಯೋಗದಲ್ಲಿ ಕಣ್ಣಿಗೆ ಬೀಳದ ಇಂಥ ವಿವರ ಸಿಮ್ಯುಲೇಶನ್‌ನಲ್ಲಿ ಸಿಗುತ್ತದೆ. ಅದಕ್ಕಾಗಿ ಕಂಬದ ಸುತ್ತಲಿನ ಜಾಗವನ್ನು ಸಣ್ಣ ಸಣ್ಣ ಚೌಕಗಳಾಗಿ ಹೆಣೆಯುತ್ತಾರೆ, ಮೀನಿನ ಬಲೆಯ ಹಾಗೆ. ದೂರದಲ್ಲಿ ಕಣ್ಣುಗಳು ದೊಡ್ಡವು, ಮೈಯ ಹತ್ತಿರ ಬಂದಂತೆ ಕಿರಿದಾಗುತ್ತ ಹೋಗುತ್ತವೆ, ಮೈಗೆ ತಾಗಿದಲ್ಲಿ ಬಲೆ ಕಪ್ಪು ಗೆರೆಯಂತೆ ಕಾಣುತ್ತದೆ. ಕಂಪ್ಯೂಟರಿನ ಹೊತ್ತು ಬಹಳಷ್ಟು ತಿನ್ನುವುದು ಆ ಗೆರೆ.

ಇಷ್ಟಾದರೂ ರಸ್ತೆಯ ಲಾರಿಗಳ ಬೆನ್ನಿಗೆ ಊದುವ ಸೀಳುಗಳು ವಾಡಿಕೆಗೆ ಬಂದಿಲ್ಲ. ಊದಲು ಪಂಪು ಬೇಕು, ಪಂಪಿಗೆ ಡೀಸೆಲ್ ಬೇಕು. ತಡೆ ಇಳಿದು ಉಳಿದ ಶಕ್ತಿಯಿಂದ ಪಂಪು ತಿಂದದ್ದನ್ನು ಕಳೆದ ಮೇಲೆ ಎಷ್ಟು ಮಿಕ್ಕಿತು ಎಂಬ ಲೆಕ್ಕದಲ್ಲೇ ಎಷ್ಟೋ ಯೋಜನೆಗಳು ಬಿದ್ದಿವೆ. ಪ್ರಯೋಗಾಲಯದ ಕಂಬಕ್ಕೆ ಮೋಟರು ಸುರಿದ ಶಕ್ತಿಯನ್ನು ಯಾರೂ ಕೇಳುವುದಿಲ್ಲ, ಲಾರಿಯ ಮಾಲೀಕ ಕೇಳುತ್ತಾನೆ. ಹೈಡೆಲ್‌ಬರ್ಗ್‌ನ ಆ ಕಂಬದಲ್ಲೂ ನೀರನ್ನು ಹೀರಿ ಹೊರಹಾಕಬೇಕಿತ್ತು, ತೊಟ್ಟಿಯ ಚಕ್ರವನ್ನು ಕೈಯಿಂದ ತಿರುವಬೇಕಿತ್ತು.